ಕಕಾರಕ್ಕೊಂದು ವಿಶ್ವಸಂಖ್ಯೆ

ಕುಂದಾಪುರಕ್ಕೆ 576201, ಬ್ರಹ್ಮಾವರಕ್ಕೆ 576213, ಬೈಂದೂರಿಗೆ 576214: ಈ ಮೂರು ಸಂಖ್ಯೆಗಳು ನಮ್ಮ ಕಡೆಯ ಜನರಿಗೆ ಮನೆಯ ಹೆಸರಿನಷ್ಟೇ ಪರಿಚಿತವಾಗಿದ್ದು, ಲಕೋಟೆಯ ಮೇಲೆ ವಿಳಾಸ ಬರೆಯುವ ಕೈ ಅವುಗಳನ್ನು ಯೋಚಿಸದೆಯೇ ಬರೆದುಬಿಡುತ್ತದೆ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಪಿನ್ ಕೋಡಿನ ಪದ್ಧತಿಯನ್ನು ಜಾರಿಗೆ ತರುವುದಕ್ಕೆ ಮೊದಲು ಈ ಊರುಗಳಿಗೆ ಹೆಸರಿತ್ತೇ ಹೊರತು ಸಂಖ್ಯೆಯಿರಲಿಲ್ಲ. ಪರದೇಶದಿಂದ ಕುಂದಾಪುರದ ಮನೆಗೆ ದೂರವಾಣಿ ಕರೆ ಮಾಡುವವನು ಊರಿನ ಸಂಕೇತವಾದ 8254ಕ್ಕೆ ಮೊದಲು 91 ಎಂಬ ಅಂಕವನ್ನು ಒತ್ತಬೇಕಾಗುವುದೂ ಹೀಗೆಯೇ, ಯಾವ ಒಬ್ಬ ಅರಸನ ಆಜ್ಞೆಯಿಂದಲೂ ಬಂದುದಲ್ಲ. 1865ರ ಮೇ 17ರಂದು ಪ್ಯಾರಿಸ್ ನಗರದಲ್ಲಿ 20 ದೇಶಗಳು ಟೆಲಿಗ್ರಾಫಿನ ಸಲುವಾಗಿ ಕೂಡಿ ಕಟ್ಟಿದ ಒಕ್ಕೂಟವು ಬೆಳೆಬೆಳೆದು ಇಂದಿನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವಾಯಿತು. ಅಲ್ಲಿ ಕುಳಿತ ರಾಷ್ಟ್ರಗಳು ಪರಸ್ಪರ ಒಪ್ಪಿ ಭೂಮಂಡಲವನ್ನು ಅಂಕಗಳಲ್ಲಿ ಹಂಚಿಕೊಂಡುದರ ಫಲವಾಗಿ ನಮ್ಮ ಪಾಲಿಗೆ ಬಂದುದು 91.

ಊರಿಗೊಂದು, ದೇಶಕ್ಕೊಂದು ಅಂಕವುಂಟಾದಂತೆ, ಕನ್ನಡದ ಒಂದೊಂದು ಅಕ್ಷರಕ್ಕೂ ಇಂದು ಒಂದೊಂದು ಅಂಕವುಂಟು ಎಂಬುದು ಮಾತ್ರ ಅನೇಕರ ಗಮನಕ್ಕೆ ಬಂದಿರಲಾರದು. ‘ಕ’ ಎಂಬ ಅಕ್ಷರದ ಅಂಕ 3221. ಕುಂದಾಪುರದಲ್ಲಾಗಲಿ, ಮಸ್ಕತ್ತಿನಲ್ಲಾಗಲಿ, ನ್ಯೂಜೆರ್ಸಿಯಲ್ಲಾಗಲಿ, ಯಾವ ಸಂಸ್ಥೆ ಮಾಡಿದ ಯಾವ ಯಂತ್ರವೇ ಆಗಲಿ, 3221 ಎಂಬುದನ್ನು ಕಂಡೊಡನೆ ಅದನ್ನು ಕನ್ನಡದ ಕಕಾರವೆಂದೇ ತಿಳಿಯತಕ್ಕದ್ದು ಎಂದು ಜಗತ್ತು ಒಪ್ಪಿದೆ. ಈ ಒಪ್ಪಿಗೆ ಹೇಗೆ ಉಂಟಾಯಿತು, ಯಾರು ಕೂಡಿ ಇದನ್ನು ಸಾಧಿಸಿದರು, ಅದರಲ್ಲಿ ನಮ್ಮ ಕರಾವಳಿಯ ಪಾಲೆಷ್ಟು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಓದಲಾಗದ ಲಗ್ನಪತ್ರಿಕೆ

ಈ ಅಂಕವು ಬಳಕೆಗೆ ಬಾರದಿದ್ದ ಕಾಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಮನೆಯಲ್ಲೊಂದು ಮದುವೆ ನಿಶ್ಚಯವಾಗಿ, ಪೇಟೆಯ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಲಗ್ನಪತ್ರಿಕೆಯನ್ನು ಅಂದವಾಗಿ ಜೋಡಿಸಿ, ಮಸ್ಕತ್ತಿನಲ್ಲಿದ್ದ ಬಂಧುವೊಬ್ಬರಿಗೆ ಅದನ್ನು ಈಮೇಲಿನ ಮೂಲಕ ಕಳುಹಿಸಿದೆವು. ಮರುದಿನ ಅವರ ಫೋನು ಬಂದಿತು: “ಹ್ವಾಯ್, ಒಂದಕ್ಷರವೂ ಓದುಕೆ ಆತಿಲ್ಲೆ!” ವಧೂವರರ ಹೆಸರು, ಮುಹೂರ್ತ, ಛತ್ರ, ಹಿರಿಯರ ಆಶೀರ್ವಾದ ಎಲ್ಲವೂ ಅಲ್ಲಿಗೆ ಮುಟ್ಟುವಷ್ಟರಲ್ಲಿ ಇಂಗ್ಲಿಷಿನ ಒಡೆದ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಆಗಿ ಮಾರ್ಪಟ್ಟಿದ್ದುವು. ಕೊನೆಗೆ ಅಚ್ಚಾದ ಪತ್ರಿಕೆಯನ್ನೇ ಅಂಚೆಯಲ್ಲಿ ಕಳುಹಿಸಬೇಕಾಯಿತು. ಅದು ಮದುವೆ ಮುಗಿದ ಮೇಲೆ ಅವರ ಕೈ ಸೇರಿತು.

ದೋಷವು ಅಂಗಡಿಯವರದೂ ಅಲ್ಲ, ನಮ್ಮದೂ ಅಲ್ಲ. ಗಣಕಯಂತ್ರಕ್ಕೆ ಅಕ್ಷರದ ಆಕಾರ ತಿಳಿಯದು, ಅಂಕ ಮಾತ್ರ ತಿಳಿಯುವುದು. ಅಂದಿನ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾಗಿದ್ದ ಅಂಕಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿ ಕೆಲಸ ಸಾಗಿಸುತ್ತಿದ್ದುವು. ಒಂದು ಸಂಸ್ಥೆಯ ತಂತ್ರಾಂಶದಲ್ಲಿ ‘ಕ’ ಕುಳಿತಿದ್ದ ಜಾಗದಲ್ಲಿ ಮತ್ತೊಂದರಲ್ಲಿ ಬೇರೊಂದು ಅಕ್ಷರವೋ ಅಕ್ಷರದ ತುಂಡೋ ಕುಳಿತಿರುತ್ತಿತ್ತು. ಬರೆದವನ ಬಳಿಯಿದ್ದ ಫಾಂಟು ಓದುವವನ ಬಳಿಯೂ ಇದ್ದರೆ ಮಾತ್ರ ಕನ್ನಡ ಕಾಣುತ್ತಿತ್ತು. ಸಮುದ್ರದಾಚೆಗೆ ಮಾತು ಮುಟ್ಟಬೇಕಾದರೆ ದಾರಿಯೊಂದಿದ್ದರೆ ಸಾಲದು, ಎರಡು ದಡಗಳೂ ಒಪ್ಪಿದ ಅಳತೆ ಬೇಕು.

ಇದು ನಮ್ಮ ನೆಲಕ್ಕೆ ಹೊಸ ಪಾಠವೇನಲ್ಲ. ವಾರಾಹಿಯ ದಡದ ಬಸರೂರು, ಇಂದು ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಬಾರಕೂರು, ಇವೆರಡೂ ಅರಬಸ್ಥಾನದ ನಾವಿಕರಿಗೂ ಪೋರ್ಚುಗೀಸರಿಗೂ ಪರಿಚಿತವಾಗಿದ್ದ ಪಟ್ಟಣಗಳು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ ‘ಫಾಕನೂರ್’ ಎಂದು ಕರೆದುದು ಬಾರಕೂರನ್ನೇ. ವಿಜಯನಗರದ ಕಾಲದ ಶಾಸನಗಳಲ್ಲಿ ‘ಬಾರಕೂರು ಗದ್ಯಾಣ’ವೆಂದು ಊರಿನ ಹೆಸರಿನಿಂದಲೇ ನಾಣ್ಯವನ್ನು ಎಣಿಸಿರುವುದುಂಟು. ಭಾಷೆ ಬೇರೆ, ಮತ ಬೇರೆ, ಅರಸು ಬೇರೆಯಾದವರು ಒಂದೇ ಕಟ್ಟೆಯ ಮೇಲೆ ಅಕ್ಕಿಗೂ ಮೆಣಸಿಗೂ ಕುದುರೆಗೂ ಬೆಲೆ ಕಟ್ಟುತ್ತಿದ್ದರೆಂದರೆ, ತೂಕವೆಷ್ಟು, ನಾಣ್ಯವಾವುದು ಎಂಬುದನ್ನು ಮೊದಲೇ ಒಪ್ಪಿಕೊಂಡಿದ್ದರೆಂದೇ ಅರ್ಥ. ಅಂತರ್ಜಾಲವೆಂಬ ಈ ಕಾಲದ ಬಂದರಿನಲ್ಲಿ ತೂಕದ ಕಲ್ಲಿನ ಸ್ಥಾನವನ್ನು ಪಡೆದಿರುವುದು ಈ ತಾಂತ್ರಿಕ ಒಪ್ಪಂದಗಳೇ.

ಅಂಕ ಬಂದ ಬಗೆ

1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಆಸ್ಕಿ’ ಎಂಬ ಪದ್ಧತಿಯಲ್ಲಿ ಇದ್ದುದು 128 ಸ್ಥಾನಗಳು. ಇಂಗ್ಲಿಷಿನ ಅಕ್ಷರ, ಅಂಕ, ವಿರಾಮಚಿಹ್ನೆಗಳಿಗೆ ಅವು ಸಾಕಾದುವು, ಉಳಿದ ಜಗತ್ತಿಗೆ ಸಾಲದಾದುವು. ಭಾರತದಲ್ಲಿ ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಪ್ರಯತ್ನವು ಬ್ರಾಹ್ಮೀಮೂಲದ ನಮ್ಮ ಲಿಪಿಗಳಿಗೆಲ್ಲ ಸಮಾನವಾದ ‘ಇಸ್ಕಿ’ ಎಂಬ ಸಂಕೇತವನ್ನು 1988ರಲ್ಲಿ ಮುಂದಿಟ್ಟಿತು; 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನು ರಾಷ್ಟ್ರೀಯ ಮಾನಕವೆಂದು ಪ್ರಕಟಿಸಿತು. ಅದೇ 1988ರಲ್ಲಿ ಜೆರಾಕ್ಸ್ ಸಂಸ್ಥೆಯ ಜೋಸೆಫ್ ಬೆಕರ್ ಎಂಬವರು ಲೋಕದ ಸಕಲ ಲಿಪಿಗಳಿಗೂ ಒಂದೇ ಅಂಕಾವಳಿಯಿರಬೇಕೆಂಬ ಪ್ರಸ್ತಾವವನ್ನು ಬರೆದು ಅದಕ್ಕೆ ‘ಯೂನಿಕೋಡ್’ ಎಂದು ಹೆಸರಿಟ್ಟರು. 1991ರ ಜನವರಿಯಲ್ಲಿ ಯೂನಿಕೋಡ್ ಒಕ್ಕೂಟ ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿತವಾಗಿ, ಅದೇ ವರ್ಷದ ಅಕ್ಟೋಬರಿನಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು.

ಅದೇ ಸಮಯದಲ್ಲಿ ಜಿನೀವಾದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಇದೇ ಉದ್ದೇಶದಿಂದ ಬೇರೊಂದು ಅಂಕಾವಳಿಯನ್ನು ರಚಿಸುತ್ತಿತ್ತು. ಅಲ್ಲಿ ಮತವು ರಾಷ್ಟ್ರಗಳ ಮಾನಕ ಸಂಸ್ಥೆಗಳದು; ಯೂನಿಕೋಡಿನಲ್ಲಿ ಹೆಚ್ಚಿನ ಮತವು ಗಣಕ ಸಂಸ್ಥೆಗಳದು. ಎರಡು ಅಂಕಾವಳಿಗಳು ಬೇರೆಬೇರೆಯಾಗಿ ನಿಂತಿದ್ದರೆ ನಮ್ಮ ಲಗ್ನಪತ್ರಿಕೆಯ ಗತಿ ಜಗತ್ತಿನ ಬರೆಹಗಳಿಗೆಲ್ಲ ಒದಗುತ್ತಿತ್ತು. 1991ರಲ್ಲಿ ಜಿನೀವಾದ ಕರಡು ಮತದಾನದಲ್ಲಿ ಬಿದ್ದುಹೋದ ತರುವಾಯ ಎರಡೂ ಪಕ್ಷಗಳು ಕೂಡಿ ಕುಳಿತು, ಯಾವ ಅಕ್ಷರಕ್ಕೆ ಯಾವ ಅಂಕವೆಂಬುದರಲ್ಲಿ ಇನ್ನು ಮುಂದೆ ಒಂದೇ ಆಗಿ ನಡೆಯುವೆವೆಂದು ನಿಶ್ಚಯಿಸಿದುವು. 1993ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನಕವು ಆ ಸಂಧಿಯ ಫಲ. ಸ್ವಂತ ಕೆಲಸದ ಮೇಲಿನ ಅಭಿಮಾನವನ್ನು ಬದಿಗಿಟ್ಟು ಎರಡು ಸಂಸ್ಥೆಗಳು ಇಷ್ಟು ದೀರ್ಘಕಾಲ ಜೊತೆಯಾಗಿ ನಡೆದುಬಂದ ದೃಷ್ಟಾಂತಗಳು ವಿರಳ. ಇದನ್ನು ನಾನು ಇಪ್ಪತ್ತನೆಯ ಶತಮಾನದ ಸತ್ಕಾರ್ಯಗಳಲ್ಲೊಂದೆಂದು ಎಣಿಸುತ್ತೇನೆ.

ಕನ್ನಡಕ್ಕೆ ಮೀಸಲಾದುದು 3200ರಿಂದ 3327ರವರೆಗಿನ 128 ಸ್ಥಾನಗಳು. ಇಸ್ಕಿಯ ಕ್ರಮವನ್ನೇ ಅನುಸರಿಸಿದ ಕಾರಣ ಇಲ್ಲೊಂದು ಮನೋಹರವಾದ ಸಾಮ್ಯವುಂಟು: ದೇವನಾಗರಿಯ ಕಕಾರ 2325, ಬಂಗಾಳಿಯದು 2453, ತಮಿಳಿನದು 2965, ತೆಲುಗಿನದು 3093, ಕನ್ನಡದ್ದು 3221, ಮಲಯಾಳದ್ದು 3349. ಬಂಗಾಳಿಗೂ ತಮಿಳಿಗೂ ನಡುವೆ ಬರುವ ಲಿಪಿಗಳನ್ನೂ ಸೇರಿಸಿ ಎಣಿಸಿದರೆ, ಒಂದೊಂದು ಲಿಪಿಯೂ ಮುಂದಿನದರಿಂದ 128 ಹೆಜ್ಜೆಗಳ ಅಂತರದಲ್ಲಿ, ಒಂದೇ ಬೀದಿಯ ಸಾಲುಮನೆಗಳಂತೆ ನಿಂತಿದ್ದು, ಪ್ರತಿ ಮನೆಯ ಅದೇ ಕೋಣೆಯಲ್ಲಿ ಅದೇ ವರ್ಣ ವಾಸಿಸುತ್ತದೆ. ಅಶೋಕನ ಕಾಲದ ಬ್ರಾಹ್ಮಿಯಿಂದ ಕವಲೊಡೆದ ಲಿಪಿಗಳ ಬಂಧುತ್ವವು ಹೀಗೆ ಗಣಿತದಲ್ಲಿಯೂ ಉಳಿದುಕೊಂಡಿತು. 1992ರಲ್ಲಿ ಕೆನ್ ಥಾಂಪ್ಸನ್ ರೂಪಿಸಿದ ‘ಯುಟಿಎಫ್-8’ ಎಂಬ ವಿಧಾನದಲ್ಲಿ ಈ ಅಂಕಗಳು ತಂತಿಯ ಮೇಲೆ ಸಾಗುವಾಗ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಬೇಕಾಗುವುವು. ‘ಬೈಂದೂರು’ ಎಂಬುದು 21 ಬೈಟು, ‘ಕುಂದಾಪುರ’ 24, ‘ಬ್ರಹ್ಮಾವರ’ 27.

ಬೆರಳಿನ ಕೆಳಗಿನ ಕನ್ನಡ

ಅಕ್ಷರಕ್ಕೆ ಅಂಕ ದೊರೆತರೂ ಅದನ್ನು ಒತ್ತುವ ಬೆರಳಿಗೆ ದಾರಿ ಬೇಕಷ್ಟೆ. ಇಲ್ಲಿ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾವ್, ಎಂದರೆ ಕೆ. ಪಿ. ರಾವ್ ಅವರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿ, ಮುಂಬಯಿಯಲ್ಲಿ ಅಕ್ಷರಜೋಡಣೆಯ ಯಂತ್ರಗಳೊಡನೆ ಬಹುಕಾಲ ದುಡಿದು, ಸಿಂಧೂಲಿಪಿಯ ಅಧ್ಯಯನದಲ್ಲಿ ಐರಾವತಂ ಮಹಾದೇವನ್ ಅವರಿಗೆ ನೆರವಾಗಿ, ಬಳಿಕ ಮಣಿಪಾಲದಲ್ಲಿ ಪಾಠ ಹೇಳಿದ ಅವರು, ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡವನ್ನು ಉಚ್ಚಾರಣೆಯ ಕ್ರಮದಲ್ಲಿ ಬರೆಯುವ ವಿನ್ಯಾಸವನ್ನು ಕಲ್ಪಿಸಿದರು. ವ್ಯಂಜನ, ಸ್ವರ, ಅರ್ಧಾಕ್ಷರವನ್ನು ಮಾಡುವ ಒಂದು ಕೀಲಿ, ಇಷ್ಟರಿಂದಲೇ ಗುಣಿತವೂ ಒತ್ತಕ್ಷರವೂ ಸಿದ್ಧವಾಗುವುವು; ಸಾವಿರಾರು ಆಕಾರಗಳನ್ನು ನೆನಪಿಡುವ ಹೊರೆ ಬೆರಳಿಗಿಲ್ಲ. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆಯಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟು, ಅದನ್ನು ಅವರು ಯಾವ ಪ್ರತಿಫಲವನ್ನೂ ಬಯಸದೆ ಜನರಿಗೆ ಕೊಟ್ಟರು. ಅದೇ ವಿನ್ಯಾಸ ಮುಂದೆ ‘ನುಡಿ’ ತಂತ್ರಾಂಶದ ಮೂಲಕ ಕರ್ನಾಟಕ ಸರಕಾರದ ಅಂಗೀಕೃತ ಕೀಲಿಮಣೆಯಾಯಿತು. ಸಾರ್ವತ್ರಿಕವಾದ ಮಾನಕವೊಂದು ನೆಲೆಗೊಳ್ಳಬೇಕಾದರೆ ಯಾರೋ ಒಬ್ಬರು ತಮ್ಮದನ್ನು ‘ನನ್ನದು’ ಎನ್ನದೆ ಬಿಟ್ಟುಕೊಡಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವನ್ನು ನಾನು ಕಾಣೆ.

ಹೆಸರು ತಪ್ಪಿದ ೞಕಾರ

ಈ ಅಂಕಾವಳಿಯಲ್ಲಿ ತಪ್ಪುಗಳೂ ನುಸುಳಿದುವು. ಒಂದರ ಕಥೆ ಬಹಳ ಬೋಧಪ್ರದ. ಹಳಗನ್ನಡದ ೞಕಾರವನ್ನು ಬಲ್ಲವರು ಬಲ್ಲರು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಆ ಅಕ್ಷರವುಳ್ಳ ಶಬ್ದಗಳನ್ನು ಪ್ರತ್ಯೇಕವಾಗಿ ವಿಚಾರಿಸಿದ್ದಾನೆ. ಯೂನಿಕೋಡಿನಲ್ಲಿ ಅದಕ್ಕೆ 3294 ಎಂಬ ಅಂಕ ದೊರೆಯಿತಾದರೂ, ಎಲ್ಲಿಯೋ ಆದ ಅವಿಚಾರದಿಂದ ಅದರ ಹೆಸರು ‘ಕನ್ನಡದ ಎಫ್ ಧ್ವನಿಯ ಅಕ್ಷರ’ ಎಂದು ದಾಖಲಾಯಿತು. ಪಂಪ ರನ್ನರ ಕಾಲದ ಅಕ್ಷರಕ್ಕೆ ಪರಭಾಷೆಯ ಧ್ವನಿಯ ಹೆಸರು! ತಪ್ಪು ತಿಳಿದೊಡನೆ ತಿದ್ದಬಹುದಿತ್ತಲ್ಲವೆ ಎಂದರೆ, ತಿದ್ದುವಂತಿಲ್ಲ. ಒಮ್ಮೆ ಕೊಟ್ಟ ಅಂಕವನ್ನೂ ಹೆಸರನ್ನೂ ಎಂದೆಂದಿಗೂ ಬದಲಾಯಿಸೆವೆಂಬುದು ಆ ಒಕ್ಕೂಟವು ಜಗತ್ತಿಗೆ ಕೊಟ್ಟ ಭಾಷೆ. ಅದನ್ನು ಒಮ್ಮೆ ಮುರಿದರೆ ಕೋಟ್ಯಂತರ ಯಂತ್ರಗಳಲ್ಲಿರುವ ಬರೆಹಗಳ ಭರವಸೆಯೇ ಅಲುಗುವುದು. ಆದಕಾರಣ ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದ ಹೆಸರನ್ನು ಅಧಿಕೃತ ತಿದ್ದುಪಡಿಯಾಗಿ ಸೇರಿಸಿದ್ದಾರೆ. ಕರಡು ಸಿದ್ಧವಾಗುತ್ತಿದ್ದಾಗ ಹಳಗನ್ನಡವನ್ನು ಓದಿದ ಒಬ್ಬನು ಆ ಪಂಕ್ತಿಯ ಮೇಲೆ ಕಣ್ಣಾಡಿಸಿದ್ದರೆ ಸಾಕಿತ್ತು. ನಾವು ಇಲ್ಲದ ಸಭೆಯಲ್ಲಿ ನಮ್ಮ ಅಕ್ಷರಕ್ಕೆ ನಾಮಕರಣವಾದರೆ ಆಗುವುದು ಹೀಗೆ.

ನಾವು ಸಭೆಗೆ ಹೋದಾಗ ಏನಾಗುವುದೆಂಬುದಕ್ಕೂ ನಿದರ್ಶನಗಳುಂಟು. ಹಳೆಯ ಬರೆಹಗಳಲ್ಲಿ ಕಾಣುವ ‘ನಕಾರ ಪೊಲ್ಲು’ ಎಂಬ ಚಿಹ್ನೆಯು ತಕ್ಕ ಆಧಾರಗಳೊಡನೆ ಮಂಡಿತವಾಗಿ 2021ರಲ್ಲಿ 3293 ಎಂಬ ಸ್ಥಾನವನ್ನು ಪಡೆಯಿತು. ಕನ್ನಡ ಲಿಪಿಯಲ್ಲಿ ಕೊಂಕಣಿಯನ್ನೂ ಹವ್ಯಕ ಕನ್ನಡವನ್ನೂ ಬರೆಯುವಾಗ ಅನುನಾಸಿಕವನ್ನು ಸೂಚಿಸಲು ಅಕ್ಷರದ ಬಲಮೇಲೆ ಇಡುವ ಸಣ್ಣ ಸೊನ್ನೆಗೆ 2022ರಲ್ಲಿ 3315 ದೊರೆಯಿತು. ಗಂಗೊಳ್ಳಿ, ಕುಂದಾಪುರ, ಬೈಂದೂರುಗಳ ಕೊಂಕಣಿ ಮನೆಗಳಿಗೆ ಆ ಸೊನ್ನೆ ಎಷ್ಟು ಬೇಕಾದುದೆಂಬುದು ಅವರ ಮಾತನ್ನು ಕೇಳಿದವರಿಗೆ ಗೊತ್ತು. ಇನ್ನು ತುಳುನಾಡಿನಲ್ಲಿಯೂ ನಮ್ಮ ಕೋಟ ಪ್ರಾಂತದಲ್ಲಿಯೂ ವೈದಿಕರು ತಾಳೆಗರಿಗಳ ಮೇಲೆ ಶತಮಾನಗಳ ಕಾಲ ಬರೆದುಬಂದ ಲಿಪಿಯನ್ನು ಕೆಲವರು ತಿಗಳಾರಿಯೆಂದೂ ಕೆಲವರು ತುಳು ಲಿಪಿಯೆಂದೂ ಕರೆಯುತ್ತ ಬಂದುದರಿಂದ ಚರ್ಚೆ ವರ್ಷಾನುವರ್ಷ ನಡೆಯಿತು. ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಅವರು ಹಸ್ತಪ್ರತಿಗಳ ಆಧಾರದಿಂದ ಸಿದ್ಧಪಡಿಸಿದ ಪ್ರಸ್ತಾವವು ಅಂಗೀಕೃತವಾಗಿ, 2024ರ ಸೆಪ್ಟೆಂಬರಿನಲ್ಲಿ ‘ತುಳು-ತಿಗಳಾರಿ’ ಎಂಬ ಜೋಡುಹೆಸರಿನಿಂದ 80 ಅಕ್ಷರ ಚಿಹ್ನೆಗಳು ಜಗತ್ತಿನ ಅಂಕಾವಳಿಯನ್ನು ಸೇರಿದುವು. ಎರಡು ಪಕ್ಷಗಳ ಮಮತೆಯನ್ನೂ ಒಂದೇ ಹೆಸರಿನಲ್ಲಿ ಹಿಡಿದ ಆ ಗೆರೆಯ ಜೋಡಣೆ, ಒಮ್ಮತವೆಂಬುದು ಎಂಥದೆಂಬುದನ್ನು ತೋರಿಸುತ್ತದೆ.

ವಿಳಾಸದ ಕನ್ನಡ

ಬರೆಹಕ್ಕೆ ಅಂಕ ದೊರೆತ ಮೇಲೆ ಉಳಿದುದು ವಿಳಾಸದ ಪ್ರಶ್ನೆ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದ ಡೊಮೇನ್ ಹೆಸರಿನ ವ್ಯವಸ್ಥೆಯಲ್ಲಿ ಜಾಲತಾಣಗಳ ಹೆಸರುಗಳು ಇಂಗ್ಲಿಷ್ ಅಕ್ಷರ, ಅಂಕ, ಅಡ್ಡಗೆರೆಗಳಿಂದ ಮಾತ್ರ ಕೂಡಿರಬೇಕಾಗಿತ್ತು. ಆ ವ್ಯವಸ್ಥೆಯ ಬೇರುಗಳನ್ನು ಬಹುಕಾಲ ಜಾನ್ ಪೋಸ್ಟೆಲ್ ಎಂಬ ಒಬ್ಬ ವಿದ್ವಾಂಸರೇ ನೋಡಿಕೊಳ್ಳುತ್ತಿದ್ದರು. 1998ರಲ್ಲಿ ಅವರು ತೀರಿಕೊಂಡರು, ಅದೇ ವರ್ಷ ‘ಐಕ್ಯಾನ್’ ಎಂಬ ಸಂಸ್ಥೆ ಹುಟ್ಟಿತು. ಅದರ ಮೇಲೆ ಅಮೆರಿಕ ಸರಕಾರಕ್ಕಿದ್ದ ಮೇಲ್ವಿಚಾರಣೆಯ ಕರಾರು, ಹಲವು ದೇಶಗಳ ಸರಕಾರಗಳೂ ತಂತ್ರಜ್ಞರೂ ಉದ್ಯಮಿಗಳೂ ಸಾಮಾನ್ಯ ಬಳಕೆದಾರರೂ ಕೂಡಿ ನಡೆಸಿದ ಸಮಾಲೋಚನೆಗಳ ಬಳಿಕ, 2016ರ ಅಕ್ಟೋಬರ್ 1ರಂದು ಕೊನೆಗೊಂಡಿತು. ಮರುತಿಂಗಳೇ ಐಕ್ಯಾನಿನ ಸಭೆ ಹೈದರಾಬಾದಿನಲ್ಲಿ ಕೂಡಿತು.

2003ರಲ್ಲಿ ಪ್ರಕಟವಾದ ತಾಂತ್ರಿಕ ನಿಯಮಗಳಿಂದ ಅನ್ಯಲಿಪಿಯ ಹೆಸರುಗಳನ್ನು ಹಳೆಯ ಯಂತ್ರಗಳಿಗೆ ತಿಳಿಯುವ ರೂಪಕ್ಕೆ ಮಾರ್ಪಡಿಸುವ ಉಪಾಯ ಒದಗಿತು, ಇಂದು ‘.ಭಾರತ’ ಎಂದು ಕನ್ನಡದಲ್ಲಿಯೇ ಕೊನೆಗೊಳ್ಳುವ ವಿಳಾಸ ಸಾಧ್ಯವಾಗಿದೆ. ಇಂಥ ತುದಿಹೆಸರುಗಳಲ್ಲಿ ಯಾವ ಕನ್ನಡ ಅಕ್ಷರಗಳು ಸಲ್ಲುವುವೆಂದು ನಿರ್ಣಯಿಸಲು ಐಕ್ಯಾನ್ ಕೂಡಿಸಿದ ‘ನವಬ್ರಾಹ್ಮೀ ಸಮಿತಿ’ಯು ಒಂಬತ್ತು ಲಿಪಿಗಳಿಗೆ ನಿಯಮಗಳನ್ನು ರಚಿಸಿತು, ಕನ್ನಡದ ಪಾಲಿನ ಕೆಲಸದಲ್ಲಿ ಡಾ. ಯು. ಬಿ. ಪವನಜ ಅವರು ಭಾಗಿಯಾದರು. ಅಲ್ಲಿ ಎದುರಾದ ಮುಖ್ಯ ಸಮಸ್ಯೆ ನಮ್ಮ ನೆರೆಯ ತೆಲುಗಿನೊಡನೆ ನಮಗಿರುವ ಹೋಲಿಕೆಯದು. ಕನ್ನಡದ ‘ಗ’, ‘ಜ’, ‘ಲ’ಗಳು ತೆಲುಗಿನ ಅದೇ ಅಕ್ಷರಗಳಿಗೆ ಅವಳಿಗಳಂತಿರುವುದರಿಂದ, ಮೋಸಗಾರನು ಕನ್ನಡದ ಹೆಸರೊಂದನ್ನು ತೆಲುಗು ಅಕ್ಷರಗಳಲ್ಲಿ ನೋಂದಾಯಿಸಿ ಜನರನ್ನು ವಂಚಿಸಬಹುದು, ಆದುದರಿಂದ ಇಂಥ ಅವಳಿಗಳನ್ನು ಗುರುತಿಸಿ, ಒಂದು ಹೆಸರು ಒಬ್ಬನಿಗೆ ಸಂದರೆ ಅದರ ಅವಳಿ ಬೇರೊಬ್ಬನಿಗೆ ಸಲ್ಲದಂತೆ ನಿಯಮ ಮಾಡಿದರು. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಈ ತುದಿಹೆಸರುಗಳಿಂದ ಹೊರಗಿಟ್ಟಿರುವುದೂ ಇದೇ ಎಚ್ಚರಿಕೆಯಿಂದ. ಅವುಗಳಿಲ್ಲದೆ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗಿಬಿಡುವುದಾದರೂ, ಭದ್ರತೆಗಾಗಿ ಕನ್ನಡವು ಈ ಒಂದು ಸೌಕರ್ಯವನ್ನು ಬಿಟ್ಟುಕೊಟ್ಟಿದೆ. ಸಹಕಾರವೆಂದರೆ ಪಡೆಯುವುದಷ್ಟೇ ಆಗಿರದೆ, ಕಾರಣ ತಿಳಿದು ಬಿಟ್ಟುಕೊಡುವುದೂ ಆಗಿರುತ್ತದೆ.

ನಮ್ಮ ಸರದಿ

ಅಂತರ್ಜಾಲದ ನಿಯಮಗಳನ್ನು ರಚಿಸುವ ಇಂಜಿನಿಯರುಗಳ ಕೂಟವು 1986ರ ಜನವರಿಯಲ್ಲಿ 21 ಮಂದಿಯಿಂದ ಆರಂಭವಾಯಿತು. ಇಂದಿಗೂ ಅಲ್ಲಿ ಸದಸ್ಯತ್ವವಿಲ್ಲ, ಮತಪೆಟ್ಟಿಗೆಯಿಲ್ಲ. ಬಂದವರೆಲ್ಲರೂ ಮಾತಾಡಬಹುದು, ಆಕ್ಷೇಪಗಳಿಗೆ ಸಮಾಧಾನ ದೊರೆತ ಬಳಿಕ ಮೂಡುವ ಒಮ್ಮತವೇ ನಿರ್ಣಯ. ಭಾಷೆಗಳ ಗುರುತುಪಟ್ಟಿಯನ್ನು ಕುರಿತು ಆ ಕೂಟವು 2009ರಲ್ಲಿ ಪ್ರಕಟಿಸಿದ ನಿಯಮದಂತೆ, ಭಾಷೆಯೊಂದರ ಪ್ರಾದೇಶಿಕ ಪ್ರಭೇದಕ್ಕೆ ಬೇರೆ ಗುರುತು ಬೇಕೆಂದು ಯಾರು ಬೇಕಾದರೂ, ತಕ್ಕ ಆಧಾರ ಸಹಿತ, ಅರ್ಜಿ ಸಲ್ಲಿಸಬಹುದು. ಅದರ ಮೇಲಿನ ಸಾರ್ವಜನಿಕ ಪರಿಶೀಲನೆಯ ಅವಧಿ ಎರಡು ವಾರ.

ಈ ಬಾಗಿಲು ಕುಂದಗನ್ನಡಕ್ಕೂ ತೆರೆದಿದೆ. ‘ಹೋಪುಕೆ’, ‘ಬಪ್ಪುಕೆ’, ‘ಕಾಂಬುಕೆ’ ಎಂದು ನಮ್ಮ ಮನೆಗಳಲ್ಲಿ ದಿನವೂ ಕೇಳುವ ಮಾತುಗಳು ಗ್ರಂಥಗಳಲ್ಲಿ ಮಾತ್ರ ಉಳಿದಿರುವ ಹಳಗನ್ನಡದ ರೂಪಗಳ ಜೀವಂತ ಸಂತಾನ. 2019ರಿಂದ ಆಸಾಡಿ ಅಮಾಸೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನು ನಾವು ಪ್ರೀತಿಯಿಂದ ಆಚರಿಸುತ್ತಿದ್ದೇವೆ. ಯಂತ್ರಗಳು ಮಾತನ್ನು ಕೇಳಿ ಬರೆದುಕೊಳ್ಳುವ ಈ ಕಾಲದಲ್ಲಿ, ಗುರುತಿಲ್ಲದ ನುಡಿಯನ್ನು ಯಂತ್ರವು ಬೇರೊಂದು ನುಡಿಯ ತಪ್ಪೆಂದೇ ಎಣಿಸುವುದು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಜಗತ್ತಿನ ವಿಜ್ಞಾನವನ್ನು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಲ್ಲಿ ಕನ್ನಡಕ್ಕೆ ತಂದರು; ನಮ್ಮ ನುಡಿಯನ್ನು ಜಗತ್ತಿನ ವಿಜ್ಞಾನದ ಮೇಜಿಗೆ ಒಯ್ಯುವ ಕಾರ್ಯವು ಇಂದಿನವರಿಗೆ ಉಳಿದಿದೆ. ಹಬ್ಬದ ದಿನ ಕೂಡುವ ಜನರಲ್ಲಿ ಒಬ್ಬ ಭಾಷಾಶಾಸ್ತ್ರದ ಅಧ್ಯಾಪಕರು, ಒಬ್ಬ ತಂತ್ರಜ್ಞರು, ಒಬ್ಬ ಹಿರಿಯ ಮಾತುಗಾರರು ಕೂಡಿ ಪದಗಳನ್ನೂ ಆಧಾರಗಳನ್ನೂ ಕಲೆಹಾಕಿ ಆ ಅರ್ಜಿಯನ್ನು ಬರೆಯಲಿ. ೞಕಾರಕ್ಕೆ ಆದುದು ನಮ್ಮ ಮನೆಮಾತಿಗೆ ಆಗಬಾರದು. ಹೆಸರಿಡುವ ಹೊತ್ತಿನಲ್ಲಿ ನಾವು ಅಲ್ಲಿರಬೇಕು.